ಬೂದಿಯ ಮೇಲಿನ ಹೆಜ್ಜೆ ಓದುತ್ತಿದ್ದವರು

ಬೀದರ ಹತ್ತಿರದ ಕೊಳಾರದ ಗೋದಾಮಿನಲ್ಲಿ ಕೆಲಸ ಮಾಡುವ ನನ್ನ ಮೊಮ್ಮಗಳು ಮೊನ್ನೆ ಒಂದು ಪ್ಲಾಸ್ಟಿಕ್ ಡಬ್ಬಿ ಮನೆಗೆ ತಂದಿದ್ದಳು. ಮುಚ್ಚಳ ತೆಗೆದರೆ ಒಳಗೆ ಬೂದು ಬಣ್ಣದ ನುಣ್ಣನೆಯ ಪುಡಿ. ಅದನ್ನು ಗೋಡೆಗುಂಟ ಹರಡಿದರೆ ಇಲಿಯ ಹೆಜ್ಜೆ ಮೂಡುತ್ತದಂತೆ. ಹೆಜ್ಜೆ ನೋಡಿ ಇಲಿ ಎಷ್ಟಿವೆ, ಎಲ್ಲಿಂದ ಬರುತ್ತವೆ ಎಂದು ಹೇಳಬಹುದಂತೆ. ಕಂಪನಿಯವರು ಮೂರು ದಿನ ಕೂಡಿಸಿ ಕಲಿಸಿದ್ದಾರೆ. ಹೊಸ ವಿದ್ಯೆ ಕಲಿತ ಹುರುಪಿನಲ್ಲಿ ಅವಳು ನನಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಪುಡಿಗೆ ಏನೂ ವಾಸನೆ ಇರಲಿಲ್ಲ. ಆದರೆ ಅವಳ ಚೀಲಕ್ಕೆ ಗೋದಾಮಿನ ಫಿನಾಯಿಲ್ ಹತ್ತಿತ್ತು… ಮೂಗಿಗೆ ಅಷ್ಟೇ ಸಾಕಾಯಿತು. ಅರವತ್ತು ವರ್ಷದ ಹಿಂದೆ ನಮ್ಮ ಕಣಜದ ಕೋಣೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದ ಒಬ್ಬ ತೆಳ್ಳನೆಯ ಮನುಷ್ಯ ಕಣ್ಣೆದುರು ಬಂದುಬಿಟ್ಟರು.

ಇದೇನು ಹೊಸದಲ್ಲ ಬಿಡು, ನಾವು ಒಲೆಯ ಬೂದಿಯಲ್ಲೇ ಮಾಡುತ್ತಿದ್ದೆವು ಎಂದೆ. ಅವಳು ನಕ್ಕಳು. ಅಜ್ಜಿಗೆ ಎಲ್ಲವೂ ತನ್ನ ಕಾಲದಲ್ಲೇ ಇತ್ತು ಎಂಬ ನಗೆ ಅದು. ಸಿಟ್ಟು ಬಂತು. ಆದರೂ ಕೂಡಿಸಿಕೊಂಡು ಹೇಳಿದೆ. ಅವಳಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಬೀದರಿನ ಕೋಟೆಯೊಳಗಿನ ಹಳೇ ಊರಿಗೆ ಸೊಸೆಯಾಗಿ ಬಂದಾಗ ಹೈದರಾಬಾದಿನ ನಿಜಾಮರ ರಾಜ್ಯವಿತ್ತು. ನನಗೆ ಹದಿನಾರು. ಗಂಡನ ಮನೆಯವರು ಕಾಳಿನ ವ್ಯಾಪಾರಸ್ಥರು. ಅಂಗಡಿ ಭಾಲ್ಕಿಯಲ್ಲಿ, ಮನೆ ಬೀದರಿನಲ್ಲಿ. ಮಾವ ತೀರಿಕೊಂಡಿದ್ದರು, ಗಂಡ ವಾರದಲ್ಲಿ ಐದು ದಿನ ಭಾಲ್ಕಿಯಲ್ಲೇ ಇರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಹಿಂದಿನ ಕಣಜದ ಕೋಣೆಯಲ್ಲಿ ಒಂದು ಹಗೇವು ಇತ್ತು. ನೆಲದೊಳಗಿನ ಕೆಂಪು ಕಲ್ಲು ಕಡಿದು ಮಾಡಿದ, ಆಳೆತ್ತರದ ಜೋಳದ ಗುಂಡಿ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಅದಕ್ಕೊಂದು ಚಪ್ಪಡಿ. ಕಾಳಿನ ಮನೆ ಅಂದಮೇಲೆ ಇಲಿ ತಪ್ಪುವುದಿಲ್ಲ. ಆ ಕಾಲದಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತು ಎಂದೇ ಲೆಕ್ಕ. ಅದಕ್ಕೇ ಊರಿನ ಇಲಿಗಳ ಮೇಲೆ ಕಣ್ಣಿಡಲು ಸರ್ಕಾರ ಜಮಾದಾರರನ್ನು ಇಟ್ಟಿತ್ತು. ನಮ್ಮ ಓಣಿಯ ಪಾಲಿಗೆ ಬಂದವರನ್ನು ಎಲ್ಲರೂ ಇಲಿ ಜಮಾದಾರರು ಎನ್ನುತ್ತಿದ್ದರು.

ತಲೆಗೆ ಕೆಂಪು ರೂಮಿ ಟೋಪಿ, ಮೈಗೆ ಮಾಸಿದ ಖಾಕಿ ಕೋಟು. ಸೈಕಲ್ಲಿನ ಹಿಂದೆ ಐದಾರು ಕಟ್ಟಿಗೆಯ ಬೋನು, ಹ್ಯಾಂಡಲಿಗೆ ಫಿನಾಯಿಲ್ ಡಬ್ಬಿ. ಸೋಮವಾರ, ಗುರುವಾರ ಬೆಳಿಗ್ಗೆ ಅವರ ಸೈಕಲ್ಲು ಓಣಿಗೆ ತಿರುಗಿದರೆ ಬೋನಿನ ಸದ್ದು ಮೊದಲು ಬರುತ್ತಿತ್ತು, ವಾಸನೆ ಆಮೇಲೆ. ಹೊಸ್ತಿಲಾಚೆ ನಿಂತು, ಬೇರೆ ಯಾರೋ ಬಂದಿದ್ದಾರೆ ಎನ್ನುವ ಧಾಟಿಯಲ್ಲಿ, "ಪರದಾ ಮಾಡ್ಕೋರಿ, ಇಲಿ ನೋಡೋರು ಬಂದಾರ" ಎನ್ನುತ್ತಿದ್ದರು. ನಾವೇನು ಪರದೆಯವರಲ್ಲ. ಆದರೂ ಸೆರಗು ಸರಿಮಾಡಿಕೊಂಡು ಅಡುಗೆ ಮನೆಯ ಬಾಗಿಲ ಮರೆಗೆ ಸರಿಯುತ್ತಿದ್ದೆವು.

ಅವರ ಕೆಲಸದ ರೀತಿ ಹೀಗಿತ್ತು. ಹಿಂದಿನ ಸಂಜೆಯೇ ನಾವು ಜರಡಿ ಹಿಡಿದ ಬೂದಿಯನ್ನು ಕಣಜದ ಕೋಣೆಯ ಗೋಡೆಗುಂಟ, ಹಗೇವಿನ ಬಾಯಿಯ ಸುತ್ತ, ಕಿಟಕಿಯ ಕೆಳಗೆ ತೆಳ್ಳಗೆ ಹರಡಬೇಕು. ಆಮೇಲೆ ಯಾರೂ ಒಳಗೆ ಕಾಲಿಡುವಂತಿಲ್ಲ. ಬೆಳಿಗ್ಗೆ ಅವರು ಬಂದು ನೋಡುವ ತನಕ ಕಸ ಹೊಡೆಯುವಂತಿಲ್ಲ, ಸಾರಿಸುವಂತಿಲ್ಲ. ಅವರು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕಿಸೆಯಿಂದ ಗಡ್ಡ ಹೆರೆಯುವ ಕನ್ನಡಿ ತೆಗೆದು, ಅಂಗಳದ ಬಿಸಿಲನ್ನು ನೆಲಕ್ಕೆ ಓರೆಯಾಗಿ ಬಿಡುತ್ತಿದ್ದರು. ನಮಗೆ ಬರೀ ಬೂದಿ ಕಾಣುತ್ತಿದ್ದಲ್ಲಿ ಅವರಿಗೆ ಒಂದು ಊರೇ ಕಾಣುತ್ತಿತ್ತು. ಇದು ಗಂಡು, ಇದು ಬಸುರಿ, ಇದು ಪಕ್ಕದ ಮನೆಯಿಂದ ತಿನ್ನಲಿಕ್ಕೆ ಬಂದು ಹೋಗುವುದು ಎಂದು ಬೀಗರ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ದಪ್ಪ ಹೆಜ್ಜೆಯ ಒಂದು ಜಾತಿಯನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಹಡಗಿನಿಂದ ಮುಂಬಯಿಗೆ ಇಳಿದು, ಅಲ್ಲಿಂದ ರೈಲಿನ ಗೋಣಿಚೀಲದಲ್ಲಿ ನಮ್ಮೂರಿಗೆ ಬಂದ ಇಲಿಗಳಂತೆ ಅವು. ಅವಕ್ಕೆ ಅವರು ಗೈರ್ ಮುಲ್ಕಿ ಎಂದು ಹೆಸರಿಟ್ಟಿದ್ದರು. ಆಗ ನಮ್ಮ ರಾಜ್ಯದಲ್ಲಿ ಹೊರಗಿನಿಂದ ಬಂದು ನೌಕರಿ ಹಿಡಿದವರನ್ನು ಹಾಗೆ ಕರೆಯುತ್ತಿದ್ದರು. ನಮ್ಮ ಊರಿನ ಇಲಿಗಳನ್ನು ಇವು ಅಟ್ಟದಿಂದ ಓಡಿಸಿವೆ, ರೋಗ ತಂದವೂ ಇವೇ ಎಂದು ಪಾಪದ ನಮ್ಮ ಇಲಿಗಳ ಪರವಾಗಿ ವಕಾಲತ್ತು ಮಾಡುತ್ತಿದ್ದರು.

ಅತ್ತೆಗೂ ಅವರಿಗೂ ಎಣ್ಣೆ ಸೀಗೆಕಾಯಿ. ಬೆಳಗಾದರೆ ಮನೆಯೆಲ್ಲಾ ಸಾರಿಸಿ, ಮೈ ತೊಳೆದು ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರುವ ಹೆಂಗಸು ಅವರು. ವಾರಕ್ಕೆ ಎರಡು ದಿನ ಈ ಮನುಷ್ಯನ ದೆಸೆಯಿಂದ ಹಿಂದಿನ ಕೋಣೆ ಮುಸುರೆಯಂತೆ ಬಿದ್ದಿರಬೇಕು. ಜಮಾದಾರರು ಹೋದ ಮೇಲೆ ಅವರು ಕೂತ ಜಾಗಕ್ಕೆ ಅತ್ತೆ ನೀರು ಹಾಕಿಸುತ್ತಿದ್ದರು. ನಾನೇ ಹಾಕುತ್ತಿದ್ದೆ, ಸುಳ್ಳೇಕೆ ಹೇಳಲಿ. ಇನ್ನು ಇಲಿ ಸತ್ತು ಬಿದ್ದರೆ ಜಮಾದಾರರಿಗೆ ತಿಳಿಸಬೇಕು. ತಿಳಿಸಿದರೆ ಮನೆ ಖಾಲಿ ಮಾಡಿ ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು. ಅದಕ್ಕೇ ಓಣಿಯ ಹೆಂಗಸರೆಲ್ಲಾ ಸತ್ತ ಇಲಿಯನ್ನು ಬಾಲ ಹಿಡಿದು ಪಕ್ಕದ ಮನೆಯ ಗೋಡೆಯಾಚೆ ಒಗೆಯುತ್ತಿದ್ದರು. ನಮ್ಮ ಅತ್ತೆಯೂ ಒಂದು ಸಲ ಒಗೆದರು. ಗುರುವಾರ ಜಮಾದಾರರು ಅದೇ ಇಲಿಯ ಕಾಲಿಗೆ ಚೀಟಿ ಕಟ್ಟಿ, ಚಿಮಟಿಗೆಯಲ್ಲಿ ಹಿಡಿದು ತಂದು ಅಂಗಳದಲ್ಲಿ ಇಟ್ಟರು. ಇದು ನಿಮ್ಮ ಮನೆಯದು, ಹಿಂದಿನ ಸೋಮವಾರ ಇದರ ಮುರಿದ ಉಗುರಿನ ಗುರುತು ನಿಮ್ಮ ಬೂದಿಯಲ್ಲಿತ್ತು ಎಂದರು. ಅತ್ತೆ ಸೆರಗು ತಲೆಗೆಳೆದುಕೊಂಡು ಒಳಗೆ ಹೋಗಿಬಿಟ್ಟರು. ಆ ಇಲಿಗೆ ರೋಗವಿರಲಿಲ್ಲ, ಬೆಕ್ಕು ಹಿಡಿದದ್ದು ಎಂದು ಜಮಾದಾರರೇ ಆಮೇಲೆ ತಮ್ಮ ರಿಜಿಸ್ಟರಿನ ಖಾನಾದಲ್ಲಿ, ಗೆರೆ ಎಳೆದ ಅಂಕಣದಲ್ಲಿ, ಬರೆದುಕೊಂಡರು. ಅಷ್ಟು ಖಡಕ್ ಮನುಷ್ಯ. ಕಂಡದ್ದನ್ನು ಕಂಡ ಹಾಗೆ ಬರೆಯದೆ ಇದ್ದವರಲ್ಲ.

ಅದು ನಲವತ್ತೆಂಟರ ಪೊಲೀಸ್ ಆ್ಯಕ್ಷನ್‌ಗೆ ಮುಂಚಿನ ಶ್ರಾವಣ. ರಾಜ್ಯ ಭಾರತಕ್ಕೆ ಸೇರಬೇಕು ಎನ್ನುವವರನ್ನು ಹುಡುಕಿ ಹಿಡಿಯುತ್ತಿದ್ದ ದಿನಗಳು. ಊರಿನ ಕೋಟೆಯ ದರವಾಜಾಗಳಲ್ಲಿ ನಿಜಾಮರ ಪರದ ರಜಾಕಾರರು ಭರ್ಚಿ ಹಿಡಿದು ನಿಲ್ಲುತ್ತಿದ್ದರು, ಒಳಗೆ ಬರುವ ಹೊರಗೆ ಹೋಗುವ ಗಾಡಿಗಳನ್ನು ತಡೆದು, ಶೋಧಿಸಿ ಝಡತಿ ಮಾಡುತ್ತಿದ್ದರು. ನನ್ನ ಒಡಹುಟ್ಟಿದ ಅಣ್ಣ, ಭಾಲ್ಕಿ ಕಡೆಯ ನಮ್ಮ ತವರೂರಿನಲ್ಲಿ ಚಾವಡಿಯ ಮೇಲೆ ಭಾರತದ ಬಾವುಟ ಕಟ್ಟಿ ತಲೆ ಮರೆಸಿಕೊಂಡಿದ್ದ. ಅವನ ಜೊತೆಯ ಇಬ್ಬರು ಸಿಕ್ಕಿಬಿದ್ದಿದ್ದರು. ಅವರು ತಿರುಗಿ ಬರಲಿಲ್ಲ. ಒಂದು ಮಂಗಳವಾರ ಸಂಜೆ ಕಂಬಳಿ ಮಾರುವವನ ವೇಷದಲ್ಲಿ ಅಣ್ಣ ನಮ್ಮ ಬಾಗಿಲಿಗೆ ಬಂದ. ಊರೊಳಗೆ ಹೇಗೋ ಬಂದುಬಿಟ್ಟಿದ್ದ, ಹೊರಗೆ ಹೋಗುವ ದಾರಿ ಇರಲಿಲ್ಲ. ಭಾಲ್ಕಿಯ ದಾರಿಯಲ್ಲಿ ಅವನ ಚಹರೆ ಹೇಳಿ ಕೇಳುತ್ತಿದ್ದರಂತೆ.

ಅದು ನನ್ನ ಮನೆಯಲ್ಲ, ಗಂಡನ ಮನೆ. ತವರಿನವನನ್ನು ಒಳಗೆ ಕರೆದು ಈ ಮನೆಯವರನ್ನೆಲ್ಲಾ ಸಾವಿಗೆ ಕೊಡುವ ಹಕ್ಕು ನನಗೆಲ್ಲಿತ್ತು… ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಸರಕಾರದವ್ರು ಲೇವಿ ಕಾಳ ಒಯ್ದ ಮ್ಯಾಲ ಹಗೇವು ಖಾಲೀನೇ ಬಿದ್ದದ" ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದರು. ಆ ಮಾತಿಗೆ ನಾನು ಅವರನ್ನು ಸಾಯುವ ತನಕ ಪೂಜೆ ಮಾಡಿದೆ. ಹಾಗೆಂದು ಅವರ ಬೈಗುಳ ಏನೂ ಕಡಿಮೆಯಾಗಲಿಲ್ಲ.

ಬುಧವಾರ ಸಂಜೆ ಅತ್ತೆ ಸೊಸೆ ಕೂತು ಯೋಚಿಸಿದೆವು. ಮರುದಿನ ಜಮಾದಾರರು ಬರುವ ದಿನ. ಬೂದಿ ಹರಡದಿದ್ದರೆ ಯಾಕೆಂದು ಕೇಳುತ್ತಾರೆ, ಅನುಮಾನ ಬರುತ್ತದೆ. ಆದ್ದರಿಂದ ಎಂದಿನ ಹಾಗೆ ಹರಡಿಬಿಡೋಣ, ಅವರು ಬಾಗಿಲಿಂದಲೇ ನೋಡಿ ಹೋಗುತ್ತಾರೆ, ಚಪ್ಪಡಿಯನ್ನೇನು ಎತ್ತುವುದಿಲ್ಲ ಎಂದು ತೀರ್ಮಾನಿಸಿದೆವು. ಭಾರೀ ಜಾಣರು ನಾವು. ಅಣ್ಣನನ್ನು ಮತ್ತೆ ಗುಂಡಿಗೆ ಇಳಿಸಿ, ಗಾಳಿಗೆ ನಾಲ್ಕು ಬೆರಳು ಬಿಟ್ಟು ಚಪ್ಪಡಿ ಎಳೆದು, ನಾನು ಕರೆಯುವ ತನಕ ಹೊರಗೆ ಬರಬೇಡ ಎಂದು ಹೇಳಿ, ಸುತ್ತಲೂ ನನ್ನ ಕೈಯಾರೆ ಬೂದಿ ಹರಡಿದೆ. ಯಾವತ್ತಿಗಿಂತ ನುಣುಪಾಗಿ ಹರಡಿದೆ.

ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದು ನೋಡಿದೆ. ಹಗೇವಿನ ಬಾಯಿಂದ ಕಿಟಕಿಯ ತನಕ, ಕಿಟಕಿಯಿಂದ ಹಗೇವಿನ ತನಕ ಬರಿಗಾಲಿನ ಹೆಜ್ಜೆಗಳು. ಒಳಗೆ ಉಸಿರು ಕಟ್ಟಿತ್ತಂತೆ, ಎದೆಯ ಮೇಲೆ ಇಲಿ ಹಾದು ಹೋಯಿತಂತೆ, ಮಬ್ಬಿನಲ್ಲಿ ಎದ್ದು ಕಿಟಕಿಯ ಹತ್ತಿರ ಎರಡು ಗಳಿಗೆ ನಿಂತನಂತೆ. ಬೂದಿಯ ವಿಷಯ ನಾನು ಅವನಿಗೆ ಹೇಳಿಯೇ ಇರಲಿಲ್ಲ. ಹಿಮ್ಮಡಿ, ಅಂಗಾಲು, ಐದು ಬೆರಳು. ಚಿಕ್ಕವನಿದ್ದಾಗ ಗಾಡಿಯ ಗಾಲಿ ಹಾದು ಹೊರಗೆ ತಿರುಗಿದ್ದ ಬಲಗಾಲಿನ ಹೆಬ್ಬೆರಳು ಕೂಡ ಅಚ್ಚೊತ್ತಿದ ಹಾಗೆ ಕೂತಿತ್ತು. ಒರೆಸಿಬಿಡೋಣ ಎಂದು ಕಸಬರಿಗೆಗೆ ಕೈ ಹಾಕಿದೆ. ಬೋನಿನ ಸದ್ದು ಬಾಗಿಲಿಗೇ ಬಂದಿತ್ತು.

ಅವರು ಕನ್ನಡಿ ಹಿಡಿದು ಕೂತರು. ನಾನು ಬಾಗಿಲ ಮರೆಯಲ್ಲಿ ನಿಂತು ಅವರ ಬೆನ್ನನ್ನೇ ನೋಡುತ್ತಿದ್ದೆ. ಬಿಸಿಲಿನ ತುಂಡು ನೆಲದ ಮೇಲೆ ನಿಧಾನವಾಗಿ ಸರಿಯಿತು, ಕಿಟಕಿಯ ತನಕ ಹೋಯಿತು, ತಿರುಗಿ ಬಂತು. ಹಗೇವಿನ ಬಾಯಿಯ ಹತ್ತಿರ ನಿಂತೇ ಬಿಟ್ಟಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಅಣ್ಣನ ಜೀವ ಆ ಬೆನ್ನಿನ ಆಚೆಗಿತ್ತು. ಆ ಮನುಷ್ಯ ಎದ್ದು ಓಣಿಯ ಮೂಲೆಗೆ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು… ಅವರ ಮನೆಯವರೋ ನೆರೆಯವರೋ ಯಾರಾದರೂ ಭರ್ಚಿ ಹಿಡಿದವರಲ್ಲಿ ಇದ್ದರೂ ಇರಬಹುದು. ನಮಗೇನು ಗೊತ್ತಿತ್ತು ಅವರ ಬಗ್ಗೆ?

ಅವರು ಎದ್ದು ಅಂಗಳಕ್ಕೆ ಬಂದರು. ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಯಾರೂ ಇಲ್ಲ, ಮಗ ಭಾಲ್ಕಿಗೆ ಹೋಗಿದ್ದಾನೆ, ಶನಿವಾರ ಬರುತ್ತಾನೆ ಎಂದರು ಅತ್ತೆ. ಅವರ ದನಿ ಸ್ವಲ್ಪವೂ ಅಲುಗಲಿಲ್ಲ. ಜಮಾದಾರರು ತಲೆ ಆಡಿಸಿದರು. ಆಮೇಲೆ ನೆಲ ನೋಡುತ್ತಲೇ, ಸಾಲಿ ಹುಡುಗರಿಗೆ ಉಕ್ತಲೇಖನ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಹಗೇವಿನ ಬಲ್ಲಿ ಪ್ಲೇಗ್ ಬ್ಯಾನಿ ಇಲಿ ಓಡಾಡ್ಯಾದ್ರಿ. ಬಾಲ ಎಳಕೊಂಡು ಹೋಗ್ಯಾದ. ನಾಳಿ ಮಧ್ಯಾನ್ನ ಪಂಪ್ ತಂದು ಗ್ಯಾಸ್ ಹೊಡಿತೇನಿ. ಅದಕ್ಕ ಮೊದಲ ಮನಿ ಖಾಲಿ ಮಾಡ್ರಿ. ಹಗೇವಿನ್ಯಾಗ ಏನದ ಎಲ್ಲಾ ತಗೀರಿ. ಗ್ಯಾಸ್ ಹೊಡದ ಮ್ಯಾಲ ಒಳಗಿನ ಜೀವ ಯಾವ್ದೂ ಉಳಿಯೋದಿಲ್ಲ."

ದರವಾಜಾದಲ್ಲಿ ಗಾಡಿ ತಡೆದು ಝಡತಿ ಮಾಡುತ್ತಾರಲ್ಲ ಎಂದರು ಅತ್ತೆ. ಆಗ ಅವರು ಮೊದಲ ಸಲ ತಲೆ ಎತ್ತಿದರು.

"ಪ್ಲೇಗಿನ ಮನಿ ಹಾಸಗಿಗಿ ಯಾರ್ ಕೈ ಹಚ್ತಾರ್ರಿ? ಚೀಟಿ ನಾ ಬರ್ದು ಕೊಡ್ತೇನಿ."

ಅಷ್ಟು ಹೇಳಿ, ನನ್ನ ಕೈಯಲ್ಲಿದ್ದ ಕಸಬರಿಗೆಯನ್ನು ಕೇಳಿ ಇಸಿದುಕೊಂಡು, ಕೋಣೆಯ ಬೂದಿಯನ್ನು ತಾವೇ ಗುಡಿಸಿ ಮೂಲೆಗೆ ಕೂಡಿಸಿದರು. ಅವರು ಯಾವ ಮನೆಯಲ್ಲೂ ಕಸಬರಿಗೆ ಹಿಡಿದವರಲ್ಲ. ಹೋಗುವಾಗ ಬಾಗಿಲಿಗೆ ಕೆಂಪು ಸುಣ್ಣದಲ್ಲಿ ಪ್ಲೇಗಿನ ಗುರುತು ಹಾಕಿದರು. ಜನ ಬಾಗಿಲು ಹಾಕಿಕೊಂಡರು, ಗಳಿಗೆಯೊಳಗೆ ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಹಳೆಯ ಆಳು ಗಾಡಿ ಹೂಡಿದ. ತಳದಲ್ಲಿ ಜೋಳದ ಸೊಪ್ಪೆ, ಅದರ ಮೇಲೆ ಅಣ್ಣ, ಅವನ ಮೇಲೆ ಹಾಸಿಗೆ, ಕೌದಿ, ಕಂಬಳಿ, ಬೋರಲು ಹಾಕಿದ ಬುಟ್ಟಿ. ಜಮಾದಾರರು ಬಂದು ಎಲ್ಲದರ ಮೇಲೆ ಒಂದು ಡಬ್ಬಿ ಫಿನಾಯಿಲ್ ಸುರಿದರು. ನನಗೆ ಕೆಮ್ಮು ಒತ್ತರಿಸಿ ಬಂತು. ಕೆಳಗಿದ್ದವನಿಗೆ ಕಣ್ಣು ಉರಿದು ನೀರಿಳಿಯುತ್ತಿತ್ತಂತೆ. ಧೋತರದ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದನಂತೆ. ಅಷ್ಟೂರು ಹಳ್ಳಿಯ ಕಡೆಯ ದರವಾಜಾದ ತನಕ ಜಮಾದಾರರು ಸೈಕಲ್ಲು ತಳ್ಳಿಕೊಂಡು ಗಾಡಿಯ ಮುಂದೆ ನಡೆದರು. ಪ್ಲೇಗಿನ ಗಾಡಿ ಸರೀರಿ ಸರೀರಿ ಎನ್ನುತ್ತಾ ಹೋದರು.

ದರವಾಜಾದಲ್ಲಿ ನಾಲ್ಕು ಮಂದಿ ಇದ್ದರು. ಮೂವರು ವಾಸನೆಗೇ ಹಿಂದೆ ಸರಿದರು. ನಾಲ್ಕನೆಯವನು, ಮೀಸೆ ಆಗ ಮೂಡುತ್ತಿದ್ದ ಹುಡುಗ, ಭರ್ಚಿ ಎತ್ತಿ ಹಾಸಿಗೆಗೆ ಚುಚ್ಚಿ ನೋಡುತ್ತೇನೆ ಎಂದು ಮುಂದೆ ಬಂದ. ಜಮಾದಾರರು ತಡೆಯಲಿಲ್ಲ. ಚುಚ್ಚಪ್ಪಾ, ಆದರೆ ಆಮೇಲೆ ನಿನ್ನ ಹೆಸರು, ನಿನ್ನಪ್ಪನ ಹೆಸರು ಬರೆದುಕೊಂಡು ಹತ್ತು ದಿನ ನಿನ್ನನ್ನೂ ಇವರ ಜೊತೆ ಗುಡಿಸಲಲ್ಲಿ ಇಡಬೇಕಾಗುತ್ತದೆ, ಕಾನೂನು ಹಾಗಿದೆ ಎಂದು ದಖ್ಖನಿ ಉರ್ದುವಿನಲ್ಲಿ ಹೇಳಿ, ಕಿವಿಯ ಮೇಲಿನ ಪೆನ್ಸಿಲು ತೆಗೆದು ರಿಜಿಸ್ಟರ್ ಬಿಚ್ಚಿ ನಿಂತರು. ದನಿಯಲ್ಲಿ ಅವಸರವಿಲ್ಲ, ಸಿಟ್ಟಿಲ್ಲ. ಹುಡುಗ ಭರ್ಚಿ ಇಳಿಸಿದ. ಚೀಟಿಯನ್ನು ಕೈಯಲ್ಲಿ ಹಿಡಿಯಲೂ ಇಲ್ಲ, ದೂರದಿಂದಲೇ ಹೋಗಿ ಎಂದು ಕೈ ಮಾಡಿದ. ನಾನು ಉಸಿರು ಬಿಟ್ಟದ್ದು ನಮ್ಮ ಹೊಲದ ಬದು ಕಂಡ ಮೇಲೆ.

ಮರುದಿನ ಅಣ್ಣ ಕುರಿ ಕಾಯುವವರ ಹಿಂಡಿನ ಜೊತೆ ಹಗಲಿನಲ್ಲೇ ನಡೆದು ಹೋದ. ಹದಿನೈದು ದಿನಕ್ಕೆ ಗಡಿ ದಾಟಿದ ಸುದ್ದಿ ಬಂತು.

ಬೇನೆ ಇಲಿಯ ಮಾತು ಸುಳ್ಳು, ನಮಗಾಗಿ ಹೂಡಿದ ಆಟ ಎಂದೇ ನಾವಿಬ್ಬರೂ ತಿಳಿದಿದ್ದೆವು. ಬೂದಿಯ ಮೇಲೆ ನನಗೆ ಅಣ್ಣನ ಕಾಲು ಬಿಟ್ಟು ಬೇರೇನೂ ಕಂಡಿರಲಿಲ್ಲ. ನಾಲ್ಕನೆಯ ದಿನ ಜಮಾದಾರರು ಗುಡಿಸಲಿಗೆ ಬಂದು ಗ್ಯಾಸ್ ಹೊಡೆದದ್ದನ್ನು ಹೇಳಿದರು. ಹಗೇವಿನ ಗೋಡೆಯ ಬಿಲಗಳಿಂದ ಹನ್ನೊಂದು ಇಲಿ ಸಿಕ್ಕವು, ಅದರಲ್ಲಿ ನಾಲ್ಕು ಗ್ಯಾಸಿಗೆ ಮುಂಚೆಯೇ ರೋಗದಿಂದ ಸತ್ತಿದ್ದವು. ಆ ತಿಂಗಳು ಹಿಂದಿನ ಓಣಿಯಲ್ಲಿ ಎರಡು ಹೆಣ ಎದ್ದವು. ನಮ್ಮ ಓಣಿಯನ್ನು ಅವರು ಮನೆ ಮನೆ ಖಾಲಿ ಮಾಡಿಸಿದ್ದರಿಂದ ಒಂದು ಮಗುವಿಗೂ ಜ್ವರ ಬರಲಿಲ್ಲ. ಅಣ್ಣ ಆ ಗುಂಡಿಯಲ್ಲೇ ಇನ್ನೆರಡು ದಿನ ಇದ್ದಿದ್ದರೆ ಭರ್ಚಿ ಬೇಕಾಗಿರಲಿಲ್ಲ.

ಅತ್ತೆ ಅವರಿಗೆ ಕೈ ಮುಗಿದರು. ನಮ್ಮ ಸಲುವಾಗಿ ಸುಳ್ಳು ಬರೆದು ಪುಣ್ಯ ಕಟ್ಟಿಕೊಂಡಿರಿ ಎಂದುಬಿಟ್ಟರು. ಜಮಾದಾರರ ಮುಖ ಕೆಂಪಗಾಯಿತು. ಅಷ್ಟು ಸಿಟ್ಟು ಅವರಿಗೆ ಬಂದದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

"ಸುಳ್ಳ್ ಯಾಕ ಬರೀಲ್ರಿ? ಇಲಿ ಹೆಜ್ಜಿ ಇತ್ತು, ಬರ್ದೀನಿ. ಮನಷ್ಯಾರ ಹೆಜ್ಜಿ ಬರಿಯೋ ಖಾನಾ ನನ್ನ ರಿಜಿಸ್ಟರದಾಗ ಇಲ್ಲ."

ಆ ಮಾತು ನನ್ನ ತಲೆಯಲ್ಲಿ ಇಂದಿಗೂ ಕೂತಿದೆ. ಅವರು ಒಂದು ಅಕ್ಷರ ಸುಳ್ಳು ಬರೆಯಲಿಲ್ಲ, ಒಂದು ಜೀವವನ್ನೂ ಕೈಬಿಡಲಿಲ್ಲ. ಅಣ್ಣನನ್ನು ಉಳಿಸಲು ರೋಗವನ್ನು ಮುಚ್ಚಿಡಬಹುದಿತ್ತು. ಇಲ್ಲವೇ ರೋಗದ ನೆಪದಲ್ಲಿ ಅಂದೇ ಪಂಪು ತಂದು ನಿಲ್ಲಬಹುದಿತ್ತು. ಅವರು ಕೊಟ್ಟದ್ದು ಒಂದು ದಿನ. ಲೆಕ್ಕ ಹಾಕಿದ ಹಾಗೆ, ಎರಡಕ್ಕೂ ಸಾಕಾಗುವಷ್ಟು.

ಮುಂದಿನ ತಿಂಗಳು ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಫೌಜು ಬಂತು. ದರವಾಜಾದಲ್ಲಿ ನಿಂತವರು ಓಡಿಹೋದರು. ಆಮೇಲಿನ ವಾರಗಳ ಬಗ್ಗೆ ನಮ್ಮ ಕಡೆಯವರು ಹೆಚ್ಚು ಮಾತಾಡುವುದಿಲ್ಲ. ಓಡಿಹೋದವರ ಮೇಲಿನ ಸೇಡನ್ನು ಊರಲ್ಲಿ ಉಳಿದ ಮುಸಲ್ಮಾನರ ಮೇಲೆ ತೀರಿಸಿಕೊಂಡರು. ತಪ್ಪು ಮಾಡಿದವರು, ಮಾಡದವರು ಎಂದು ಯಾರೂ ನೋಡಲಿಲ್ಲ… ನಾವು ಮನೆಗೆ ಮರಳಿದ ಮೇಲೆ ಒಂದು ಸೋಮವಾರ ಬೋನಿನ ಸದ್ದು ಕೇಳಿತು. ಕಚೇರಿಗಳೆಲ್ಲಾ ಮುಚ್ಚಿದ್ದವು, ಅವರು ಮಾತ್ರ ಬಂದಿದ್ದರು. ತಲೆಯ ಮೇಲೆ ರೂಮಿ ಟೋಪಿ ಇರಲಿಲ್ಲ. ಬರಿದಲೆಯಲ್ಲಿ ಅವರನ್ನು ಕಂಡದ್ದು ಅದೇ ಮೊದಲು. ಕೂದಲು ಅಷ್ಟು ಬೆಳ್ಳಗಿದೆ ಎಂದು ಗೊತ್ತೇ ಇರಲಿಲ್ಲ. ಅತ್ತೆ ಏನೂ ಕೇಳಲಿಲ್ಲ. ಅವರನ್ನು ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದರು. ಓಣಿಯ ಇಬ್ಬರು ಹಿರಿಯರನ್ನು ಕರೆಸಿ, ಇವರ ಮನೆಯ ತನಕ ಜೊತೆಗೆ ಹೋಗಿ ಬಿಟ್ಟು ಬನ್ನಿ ಎಂದರು. ಊರು ತಣ್ಣಗಾಗುವ ತನಕ ವಾರಕ್ಕೆ ಎರಡು ಸಲ ಹಾಗೇ ನಡೆಯಿತು. ಅವರು ಕೂತ ಜಾಗಕ್ಕೆ ನೀರು ಹಾಕು ಎಂದು ಅತ್ತೆ ಆಮೇಲೆಂದೂ ಹೇಳಲಿಲ್ಲ.

ನಾಲ್ಕೈದು ವರ್ಷ ಕಳೆದು ಅವರನ್ನು ಔರಾದಿಗೆ ವರ್ಗ ಮಾಡಿದರು. ಹೋಗುವ ದಿನ ಬಂದು, ಬಿಲ ಮುಚ್ಚುವ ಮಣ್ಣಿಗೆ ಗಾಜಿನ ಚೂರು ಕಲಸಬೇಕು ಎಂದು ಕಾಲು ಗಂಟೆ ಹೇಳಿದರು. ಬಾಗಿಲ ಮರೆಯಲ್ಲಿ ನಿಂತು ಹೂಂ ಹೂಂ ಎಂದೆ. ಕೃತಜ್ಞತೆಯ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಹೊರಗಿನ ಗಂಡಸರ ಜೊತೆ ಮಾತಾಡಿ ರೂಢಿ ಇರಲಿಲ್ಲ ಎನ್ನುವುದು ನೆಪ.

ಅಣ್ಣನ ವಿಷಯ ಹೇಳಬೇಕು. ಒಳ್ಳೆಯವನು. ಆದರೆ ಮೈಕು ಕಂಡರೆ ಅವನಿಗೆ ಮೈಮೇಲೆ ಬರುತ್ತಿತ್ತು. ವರ್ಷಾ ವರ್ಷಾ ಬಾವುಟ ಏರಿಸುವ ದಿನ ಹಗೇವಿನ ಕಥೆ ಹೇಳುತ್ತಿದ್ದ. ಮೊದಲು ಜಮಾದಾರರು ಕಥೆಯಲ್ಲಿದ್ದರು. ಬರಬರುತ್ತಾ ಒಬ್ಬ ಸರ್ಕಾರಿ ನೌಕರ ಆದರು. ಆಮೇಲೆ ಅದೂ ಹೋಯಿತು. ನನ್ನ ಅಣ್ಣ ತಾನೇ ಪ್ಲೇಗಿನ ಉಪಾಯ ಹೂಡಿ ರಜಾಕಾರರ ಕಣ್ಣಿಗೆ ಮಣ್ಣೆರಚಿದ ಎಂದಾಯಿತು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಹೆಂಗಸರ ಸಾಲಿನಲ್ಲಿ ಕೂತು ಕೇಳುತ್ತಿದ್ದೆ, ಸುಮ್ಮನಿರುತ್ತಿದ್ದೆ.

ಈಗ್ಗೆ ಇಪ್ಪತ್ತೈದು ವರ್ಷವಾಗಿರಬೇಕು. ಒಂದು ಮದುವೆ ಮುಗಿಸಿ ಔರಾದ ಕಡೆಯ ಠಾಣಾ ಕುಶನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬೇವಿನ ಗಿಡದ ಕೆಳಗೆ ಕೋಲು ಹಿಡಿದು ಕೂತ ಮುದುಕರೊಬ್ಬರು ಪಕ್ಕದವನಿಗೆ ತೊಗರಿ ಗೋದಾಮಿನ ಬಿಲಗಳ ಬಗ್ಗೆ ಬೈಯುತ್ತಿದ್ದರು. ದನಿ ಗುರುತಾಯಿತು. ಹತ್ತಿರ ಹೋದೆ. ಕಣ್ಣಿಗೆ ಪೊರೆ ಬಂದಿತ್ತು. ಬೀದರಿನ ಹಗೇವಿನ ಮನೆಯ ಸೊಸೆ ಎಂದೆ. ಅವರು ನನ್ನ ದನಿಯ ಕಡೆ ತಿರುಗಿದರು. ಅತ್ತೆಯನ್ನು ಕೇಳಲಿಲ್ಲ, ನನ್ನ ಮಕ್ಕಳನ್ನು ಕೇಳಲಿಲ್ಲ.

"ಆ ಬಲಗಾಲು ಹ್ಯಾಂಗದರಿ? ಹೆಬ್ಬಟ್ಟು ಹೊರಗ ತಿರುಗಿತ್ತಲ್ಲ, ಅದು."

ಆಗ ಹೊಳೆಯಿತು. ಅವರು ಅಣ್ಣನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಅವನು ಯಾರು, ಏನು ಮಾಡಿದ್ದ, ನಮಗೇನಾಗಬೇಕು, ಒಂದನ್ನೂ ಕೇಳಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಬೂದಿಯ ಮೇಲಿನ ಒಂದು ಕಾಲು, ಅಷ್ಟೇ. ನನಗೆ ಅಳು ಬಂತು. ಬಸ್ಸಿನ ಜನದ ಮುಂದೆ ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಚೆನ್ನಾಗಿ ನಡೆಯುತ್ತದೆ, ನಿಮ್ಮಿಂದಲೇ ನಡೆಯುತ್ತಿದೆ ಎಂದು ಆ ದಿನ ಬಾಯಿ ಬಿಟ್ಟು ಹೇಳಿದೆ. ಅವರ ಕಾಲು ಮುಟ್ಟಿದೆ. ನನ್ನ ಜನ್ಮದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೊಂದು. ಸಾಕು ಬಿಡವ್ವಾ ಎಂದರು. ಅಣ್ಣನನ್ನು ಕರೆತರುತ್ತೇನೆ, ನೀವು ನೋಡಬೇಕು ಎಂದೆ. ನಕ್ಕರು. ಈಗ ನೋಡಲಿಕ್ಕೆ ಕಣ್ಣೆಲ್ಲಿವೆ ಎಂದರು.

ಅಣ್ಣನಿಗೆ ಹೇಳಿದೆ. ಅವನು ತುಂಬಾ ಹೊತ್ತು ತನ್ನ ಕಾಲನ್ನೇ ನೋಡುತ್ತಾ ಕೂತ. ಮುಂದಿನ ವಾರ ಹೋಗೋಣ ತಂಗಿ ಎಂದ. ಮುಂದಿನ ವಾರ ಸೊಸೈಟಿಯ ಮೀಟಿಂಗು. ಅದರ ಮುಂದಿನ ವಾರ ಮಳೆ. ಅವನಿಗೆ ನಾಚಿಕೆಯಾಗಿತ್ತು, ಇಷ್ಟು ವರ್ಷ ಮೈಕಿನಲ್ಲಿ ಹೇಳಿದ್ದಕ್ಕೆ. ಅದು ನನಗೂ ತಿಳಿಯುತ್ತಿತ್ತು. ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು… ದೀಪಾವಳಿಯ ಹೊತ್ತಿಗೆ ಆ ಕಡೆಯ ಬಸ್ಸಿನವರು, ಬೇವಿನ ಗಿಡದ ಕೆಳಗೆ ಕೂರುತ್ತಿದ್ದ ಮುದುಕರು ತೀರಿಕೊಂಡರು ಎಂದರು.

ಮರುವರ್ಷ ಬಾವುಟದ ದಿನ ಅಣ್ಣ ಮೈಕಿನ ಮುಂದೆ ನಿಂತು ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ಬೂದಿ, ಕನ್ನಡಿ, ಕಸಬರಿಗೆ, ದರವಾಜಾದ ಹುಡುಗ, ಎಲ್ಲಾ. ತಾನು ಇಷ್ಟು ವರ್ಷ ಸುಳ್ಳು ಹೇಳಿದೆ ಎಂದೂ ಹೇಳಿದ. ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಸಾಲಿ ಮಾಸ್ತರರು, ಇದನ್ನು ಬರೆದಿಡಬೇಕು ಎಂದು ಪೆನ್ನು ತೆಗೆದು, "ಅವರ ಹೆಸರೇನ್ರಿ?" ಎಂದು ಕೇಳಿದರು.

ಅಣ್ಣ ಬಾಯಿ ತೆರೆದ. ಆಮೇಲೆ ಹೆಂಗಸರ ಸಾಲಿನ ಕಡೆ ತಿರುಗಿ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ವಾರಕ್ಕೆ ಎರಡು ಸಲ, ವರ್ಷಗಟ್ಟಲೆ ನಮ್ಮ ಮನೆಗೆ ಬಂದವರು. ಪಡಸಾಲೆಯಲ್ಲಿ ಕೂತವರು. ನಮ್ಮಲ್ಲಿ ಯಾರೂ ಅವರ ಹೆಸರು ಕೇಳಿರಲಿಲ್ಲ.

ಅತ್ತೆ ಹೋದರು, ನನ್ನ ಗಂಡ ಹೋದರು, ಅಣ್ಣನೂ ಹೋಗಿ ಆರು ವರ್ಷವಾಯಿತು. ಮುಖ ನೋಡದವರು ಉಳಿಸಿಕೊಟ್ಟ ಆ ಜೀವ ಎಂಬತ್ತನ್ನು ದಾಟಿ, ಮನೆಯ ಹಾಸಿಗೆಯಲ್ಲಿ, ಮಕ್ಕಳ ನಡುವೆ ಹೋಯಿತು. ಠಾಣಾ ಕುಶನೂರಿಗೆ ಎರಡು ಸಲ ಹೋಗಿ ವಿಚಾರಿಸಿದೆ. ಅಲ್ಲಿಯವರಿಗೂ ಅವರು ಜಮಾದಾರ್ ಸಾಬರೇ. ಅವರ ಮನೆಯವರು ಯಾವತ್ತೋ ಊರು ಬಿಟ್ಟಿದ್ದರು. ಮೊಮ್ಮಗಳು ಈಗ ನಗುತ್ತಿಲ್ಲ. ಡಬ್ಬಿಯ ಮುಚ್ಚಳ ಹಾಕಿ ನನ್ನ ಹತ್ತಿರ ಸರಿದು ಕೂತಿದ್ದಾಳೆ, ನಾನು ಬರೆಯುವುದನ್ನು ನೋಡುತ್ತಿದ್ದಾಳೆ. ಇಷ್ಟೆಲ್ಲಾ ಬರೆದೆ. ಹೆಸರು ಬರೆಯಬೇಕಾದಲ್ಲೆಲ್ಲಾ ಜಮಾದಾರರು ಎಂದೇ ಬರೆದಿದ್ದೇನೆ. ಬೇರೆ ಏನು ಬರೆಯಲಿ, ನನಗೆ ಗೊತ್ತಿಲ್ಲ…